ಕಣ್ಣೀರು ಬರುವಷ್ಟು ಒತ್ತಬೇಕೆ?

ಪ್ರಶ್ನೆ: ನಾನು ಪ್ರೌಢಶಾಲಾ ಶಿಕ್ಷಕಿ, ವಯಸ್ಸು 47. ದಿನಕ್ಕೆ ಐದಾರು ತರಗತಿಗಳನ್ನು ನಿಂತೇ ತೆಗೆದುಕೊಳ್ಳುತ್ತೇನೆ. ನಾಲ್ಕು ತಿಂಗಳಿಂದ ಬೆಳಿಗ್ಗೆ ಎದ್ದು ಕಾಲೂರಿದೊಡನೆ ಬಲ ಹಿಮ್ಮಡಿಯಲ್ಲಿ ಮುಳ್ಳು ಚುಚ್ಚಿದಂತಾಗುತ್ತದೆ. ನಾಲ್ಕು ಹೆಜ್ಜೆ ನಡೆದರೆ ಕಡಿಮೆಯಾಗುತ್ತದೆ. ಜಿಮ್‌ಗೆ ಹೋಗುವ ನನ್ನ ಮಗ, ‘ಫ್ಯಾಸಿಯಾ ಗಂಟು ಕಟ್ಟಿದೆ, ಕಣ್ಣಲ್ಲಿ ನೀರು ಬರುವಷ್ಟು ಒತ್ತಿ ರೋಲರ್ ಉರುಳಿಸಿದರೆ ಬಿಡುತ್ತದೆ’ ಎನ್ನುತ್ತಾನೆ. ಏನಿದು ಫ್ಯಾಸಿಯಾ? ಹೀಗೆ ಮಾಡಬಹುದೇ?

ಉತ್ತರ: ಮಾಂಸ ಹೆಚ್ಚುವಾಗ ತುಂಡಿಗೆ ಅಂಟಿಕೊಂಡು ಚಾಕುವಿನಿಂದ ನುಣುಚಿಕೊಳ್ಳುವ ಬೆಳ್ಳನೆಯ ತೆಳುಪೊರೆಯನ್ನು ನೋಡಿದ್ದರೆ, ನೀವು ಫ್ಯಾಸಿಯಾವನ್ನು ನೋಡಿದ್ದೀರಿ. ನಮ್ಮ ದೇಹದಲ್ಲಿಯೂ ಅದು ಸ್ನಾಯುಗಳನ್ನು ಹೊದೆದುಕೊಂಡು, ಅವುಗಳೊಳಗಿನ ಎಳೆಗಳ ಕಟ್ಟುಗಳನ್ನೂ ಸುತ್ತಿಕೊಂಡಿರುತ್ತದೆ. ಮುಖ್ಯವಾಗಿ ಕೊಲಾಜನ್ ಎಂಬ ಪ್ರೋಟೀನಿನಿಂದಾದ ಈ ಪೊರೆಯ ಪದರಗಳ ನಡುವೆ ಹಯಲುರೊನಾನ್ ಎಂಬ ಜಾರುವ ವಸ್ತುವಿದ್ದು, ಒಂದು ಪದರ ಮತ್ತೊಂದರ ಮೇಲೆ ಸರಾಗವಾಗಿ ಸರಿಯುವುದು ಅದರಿಂದಲೇ. ಶವಚ್ಛೇದನದ ಪಾಠಗಳಲ್ಲಿ ಬಹುಕಾಲ ಸಿಪ್ಪೆಯಂತೆ ಕಿತ್ತು ಬದಿಗಿಡುತ್ತಿದ್ದ ಈ ಪೊರೆಗೆಂದೇ ಮೊದಲ ಅಂತರರಾಷ್ಟ್ರೀಯ ಸಂಶೋಧನಾ ಸಮ್ಮೇಳನ ನಡೆದದ್ದು 2007ರಲ್ಲಿ, ಬಾಸ್ಟನ್ನಿನಲ್ಲಿ.

ಹಿಮ್ಮಡಿ ಮೂಳೆಯಿಂದ ಬೆರಳುಗಳ ಬುಡದವರೆಗೆ ಹಬ್ಬಿ ಪಾದದ ಕಮಾನನ್ನು ಹಿಡಿದಿಡುವ ದಪ್ಪನೆಯ ಪಟ್ಟಿಯೂ ಫ್ಯಾಸಿಯಾವೇ. ನೀವು ಹೇಳಿದ ಲಕ್ಷಣಗಳು ಈ ಪಟ್ಟಿಯ ನೋವಿಗೆ, ಅಂದರೆ ಪ್ಲಾಂಟರ್ ಫ್ಯಾಸಿಯೈಟಿಸ್‌ಗೆ, ಚೆನ್ನಾಗಿ ಹೊಂದುತ್ತವೆ. ಆದರೂ ಪಾದವನ್ನು ಒತ್ತಿ ನೋಡದೆ ಖಚಿತವಾಗಿ ಹೇಳಲಾಗದು.

ನಿಮ್ಮ ಮಗನ ಸಲಹೆಯಲ್ಲಿ ಉರುಳಿಸುವ ಕೆಲಸ ಸರಿ, ಕಾರಣವೂ ಒತ್ತುವ ಬಲವೂ ತಪ್ಪು. ಅಂಗಾಲಿನ ಈ ಪಟ್ಟಿಯನ್ನು ಶೇಕಡಾ 1ರಷ್ಟು ಅದುಮಿ ಬದಲಿಸಬೇಕಾದರೂ ಮನುಷ್ಯರ ಕೈಗೆ ಮೀರಿದ ಬಲ ಬೇಕೆಂದು 2008ರ ಗಣಿತೀಯ ಅಧ್ಯಯನವೊಂದು ತೋರಿಸಿತು. ಹಾಗಿರುವಾಗ ಒಂದು ರೋಲರ್ ಅದರ ಗಂಟು ಬಿಡಿಸೀತೆಂದು ನಂಬುವುದು ಕಷ್ಟ. ಆದರೂ ಉರುಳಿಸಿದ ಮೇಲೆ ಹಾಯೆನಿಸುವುದು, ಕೀಲು ಸ್ವಲ್ಪ ಹೊತ್ತು ಹೆಚ್ಚು ಬಾಗುವುದು, ವ್ಯಾಯಾಮದ ಮರುದಿನದ ಮೈಕೈ ನೋವು ತುಸು ತಗ್ಗುವುದು ಸುಳ್ಳಲ್ಲ. ಒತ್ತಡಕ್ಕೆ ನರಗಳು ಸ್ಪಂದಿಸಿ ನೋವನ್ನು ಸಹಿಸುವ ಮಟ್ಟ ಏರುವುದೇ ಇದಕ್ಕೆ ಮುಖ್ಯ ಕಾರಣವಿರಬೇಕು. ನರವನ್ನು ಸಮಾಧಾನಪಡಿಸುವುದೇ ಉದ್ದೇಶವಾದಾಗ ಕಣ್ಣೀರು ಬರಿಸುವಷ್ಟು ಒತ್ತುವುದರಲ್ಲಿ ಅರ್ಥವೇ ಇಲ್ಲ. ಹಲ್ಲು ಕಚ್ಚಿ ಉಸಿರು ಬಿಗಿಹಿಡಿಯಬೇಕಾಗಿ ಬಂದರೆ ಅದು ಅತಿಯಾಯಿತೆಂದೇ ತಿಳಿಯಿರಿ.

ಕುರ್ಚಿಯ ಮೇಲೆ ಕುಳಿತು, ಅಂಗಾಲಿನಡಿ ಟೆನಿಸ್ ಚೆಂಡನ್ನಿಟ್ಟು, ಒಂದೆರಡು ನಿಮಿಷ ನಿಧಾನವಾಗಿ ಉರುಳಿಸಿ. ಮೀನಖಂಡಕ್ಕೆ ಅಡುಗೆಮನೆಯ ಲಟ್ಟಣಿಗೆ ಸಾಕು, ದುಬಾರಿ ರೋಲರ್ ಬೇಕಿಲ್ಲ. ಇದಕ್ಕಿಂತ ಮುಖ್ಯವಾದದ್ದು ಹಾಸಿಗೆಯಿಂದ ಇಳಿಯುವ ಮೊದಲೇ ಮಾಡಬೇಕಾದ ಕೆಲಸ: ನೋಯುವ ಪಾದವನ್ನು ಇನ್ನೊಂದು ತೊಡೆಯ ಮೇಲಿಟ್ಟು, ಅಂಗಾಲಿನ ಪಟ್ಟಿ ತಂತಿಯಂತೆ ಬಿಗಿಯುವವರೆಗೆ ಬೆರಳುಗಳನ್ನು ಮೊಣಕಾಲಿನತ್ತ ಎಳೆದು, 10 ಸೆಕೆಂಡು ಹಿಡಿದು ಬಿಡಿ. ಹೀಗೆ 10 ಸಲ, ದಿನಕ್ಕೆ ಮೂರು ಹೊತ್ತು. ಫಲ ಕಾಣಲು ವಾರಗಳೇ ಬೇಕು.

ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುವವರು, ಮಧುಮೇಹದಿಂದ ಪಾದದ ಸ್ಪರ್ಶಜ್ಞಾನ ಕುಂದಿದವರು, ಮೂಳೆ ಸವೆತವಿರುವವರು ವೈದ್ಯರನ್ನು ಕೇಳದೆ ಇದಕ್ಕೆ ಕೈಹಾಕಬಾರದು. ಮೀನಖಂಡ ಊದಿ ಬಿಸಿಯಾಗಿದ್ದರೆ ಅಲ್ಲಿ ಉಜ್ಜಲೇಬೇಡಿ, ಒಳಗೆ ರಕ್ತ ಹೆಪ್ಪುಗಟ್ಟಿರಬಹುದು; ಅದೇ ದಿನ ಆಸ್ಪತ್ರೆಗೆ ಹೋಗಿ.

ಇನ್ನೊಂದು ಮಾತು. ಮನೆಯೊಳಗೆ ಚಪ್ಪಲಿ ಹಾಕದ ರೂಢಿ ನಿಮ್ಮದಾಗಿದ್ದರೆ, ಮೆತ್ತನೆಯ ಅಡಿಯ ಒಂದು ಜೋಡಿಯನ್ನು ಮನೆಗೆಂದೇ ಕೊಂಡು ಮಂಚದ ಪಕ್ಕದಲ್ಲಿಡಿ. ದಿನದ ಮೊದಲ ಹೆಜ್ಜೆ ಗ್ರಾನೈಟ್ ನೆಲದ ಮೇಲೆ ಬೀಳುವುದು ಸದ್ಯಕ್ಕೆ ಬೇಡ.