ಬರೀ ಚುಕ್ಕಿಯಂತೆ ಕಾಣುವ ಕ್ಷುದ್ರಗ್ರಹದ ಗಾತ್ರ, ಆಕಾರ ಹೇಗೆ ತಿಳಿಯುತ್ತದೆ? ನೌಕೆ ಯಾಕೆ ಬೇಕು?

ದೊಡ್ಡ ದೂರದರ್ಶಕದಲ್ಲೂ ಚುಕ್ಕಿಯಾಗಿ ಕಾಣುವ ಕ್ಷುದ್ರಗ್ರಹದ ಬಗ್ಗೆ ಇಷ್ಟೆಲ್ಲ ಹೇಗೆ ಹೇಳುತ್ತಾರೆ, ಇಲ್ಲಿಂದಲೇ ಗೊತ್ತಾಗುವುದಾದರೆ ನೌಕೆ ಯಾಕೆ ಕಳಿಸಬೇಕು ಎಂದು ಕೇಳಿದ್ದೀರಿ. ಹವ್ಯಾಸಕ್ಕಾಗಿ ಕ್ಷುದ್ರಗ್ರಹಗಳ ಬೆಳಕನ್ನು ಅಳೆಯುವವನು ನಾನು. ನನಗೆ ಬಲು ಇಷ್ಟದ ಪ್ರಶ್ನೆ ಇದು.

ಆ ಚುಕ್ಕಿಯ ಬೆಳಕು ಒಂದೇ ಸಮ ಇರುವುದಿಲ್ಲ. ರಾತ್ರಿಯಿಡೀ ಚಿತ್ರ ತೆಗೆಯುತ್ತ, ಅದೇ ಚಿತ್ರದಲ್ಲಿರುವ, ಬೆಳಕು ಬದಲಾಗದ ನಕ್ಷತ್ರಗಳ ಜತೆ ಹೋಲಿಸುತ್ತ ಹೋದರೆ ಏರಿಳಿತದ ಗೆರೆಯೊಂದು ಮೂಡುತ್ತದೆ. ಉದ್ದನೆಯ ಬಂಡೆ ತಿರುಗುವಾಗ ಅದರ ಅಗಲದ ಮೈ ನಮ್ಮ ಕಡೆ ಬಂದರೆ ಬೆಳಕು ಹೆಚ್ಚು, ತುದಿ ಬಂದರೆ ಕಡಿಮೆ. ಹೀಗಾಗಿ ಒಂದು ಸುತ್ತಿಗೆ ಸಾಮಾನ್ಯವಾಗಿ ಎರಡು ಏರು, ಎರಡು ಇಳಿ. 1898ರಲ್ಲಿ ಪತ್ತೆಯಾದ ಎರೋಸ್ ಎಂಬ ಕ್ಷುದ್ರಗ್ರಹ ಹೀಗೆ ಮಿನುಗುವುದು 1901ರಲ್ಲೇ ಗಮನಕ್ಕೆ ಬಂದಿತ್ತು. ಸುಮಾರು 5 ಗಂಟೆ 16 ನಿಮಿಷಕ್ಕೊಂದು ಸುತ್ತು. ಕೆಲವೊಮ್ಮೆ ಬೆಳಕಿನ ವ್ಯತ್ಯಾಸ ಮೂರು ಪಟ್ಟಿಗೂ ಹೆಚ್ಚು. ಅಷ್ಟು ವ್ಯತ್ಯಾಸ ಬರಬೇಕಾದರೆ ಬಂಡೆ ನೀಳವಾಗಿರಲೇಬೇಕು. 2000ದಲ್ಲಿ ನಿಯರ್ ಶೂಮೇಕರ್ ನೌಕೆ ಅದರ ಸುತ್ತ ಸುತ್ತಿ ಚಿತ್ರ ಕಳಿಸಿದಾಗ ಕಂಡದ್ದು ಸುಮಾರು 34 ಕಿ.ಮೀ. ಉದ್ದ, 11 ಕಿ.ಮೀ. ದಪ್ಪದ ಬಂಡೆ! ಈ ಸಂಗತಿ ಇಂದಿಗೂ ನನಗೆ ರೋಮಾಂಚನ ತರುತ್ತದೆ.

ಗಾತ್ರದ ಲೆಕ್ಕ ಇಷ್ಟು ಸಲೀಸಲ್ಲ. ಬಿದ್ದ ಬೆಳಕಿನಲ್ಲಿ ನೂರಕ್ಕೆ 4 ಪಾಲು ಮಾತ್ರ ಹಿಂದಿರುಗಿಸುವ ಕಪ್ಪು ಬಂಡೆಯೂ 40 ಪಾಲು ಹಿಂದಿರುಗಿಸುವ ಬಂಡೆಯೂ ಒಂದೇ ದೂರದಲ್ಲಿ ಒಂದೇ ಪ್ರಕಾಶದಲ್ಲಿ ಕಂಡರೆ, ಕಪ್ಪಿನದು ಮೂರು ಪಟ್ಟಿಗಿಂತ ಹೆಚ್ಚು ಅಗಲ ಎಂದೇ ಅರ್ಥ. ಇದನ್ನು ಬಿಡಿಸಲು ಇನ್‌ಫ್ರಾರೆಡ್‌ನಲ್ಲಿ ಬಂಡೆಯ ಶಾಖವನ್ನು ಅಳೆಯುತ್ತಾರೆ; ಶಾಖ ಮೈಬಣ್ಣಕ್ಕಿಂತ ಗಾತ್ರವನ್ನೇ ಹೆಚ್ಚು ಹೇಳುತ್ತದೆ. ಭೂಮಿಗೆ ಅಪ್ಪಳಿಸಬಹುದೆಂಬ ಆತಂಕ ಹುಟ್ಟಿಸಿದ್ದ 2024 ವೈಆರ್4 ಎಂಬ ಕ್ಷುದ್ರಗ್ರಹವನ್ನು ಬರೀ ಪ್ರಕಾಶ ನೋಡಿ 40ರಿಂದ 90 ಮೀಟರ್ ಎಂದಿದ್ದರು. ವೆಬ್ ಬಾಹ್ಯಾಕಾಶ ದೂರದರ್ಶಕ ಶಾಖ ಅಳೆದ ಮೇಲೆ ಅದು 60 ಮೀಟರ್ ಆಸುಪಾಸಿಗೆ ಬಂತು. ಹತ್ತಿರ ಬಂದವನ್ನು ರೇಡಾರ್‌ನಿಂದಲೂ ಅಳೆಯುತ್ತಾರೆ.

ಇನ್ನು ಏನಿಂದಾಗಿದೆ ಎಂಬುದು. ಹಿಂದಿರುಗಿದ ಬೆಳಕಿನ ರೋಹಿತವನ್ನು (ಬೆಳಕನ್ನು ಬಣ್ಣಗಳಾಗಿ ಬಿಡಿಸಿದ ಪಟ್ಟಿ) ಉಲ್ಕಾಶಿಲೆಗಳ ರೋಹಿತದ ಪಕ್ಕ ಇಟ್ಟು ನೋಡುತ್ತಾರೆ. ಇಲ್ಲೇ ಒಂದು ದೊಡ್ಡ ಗಂಟು ಬಿದ್ದಿತ್ತು. ಭೂಮಿಗೆ ಅತಿ ಹೆಚ್ಚು ಬೀಳುವ ಸಾಮಾನ್ಯ ಕಲ್ಲಿನ ಉಲ್ಕೆಗಳು ಎಸ್ ವರ್ಗದ, ಎಂದರೆ ಕಲ್ಲಿನ ಜಾತಿಯ ಕ್ಷುದ್ರಗ್ರಹಗಳಿಂದ ಬಂದವೆಂಬ ಗುಮಾನಿ ಇತ್ತು, ಆದರೆ ಬಣ್ಣ ತಾಳೆಯಾಗುತ್ತಿರಲಿಲ್ಲ. 2010ರಲ್ಲಿ ಜಪಾನಿನ ಹಯಬುಸಾ ನೌಕೆ ಎಸ್ ವರ್ಗದ ಇಟೊಕಾವಾ ಕ್ಷುದ್ರಗ್ರಹದಿಂದ ತಂದ ಧೂಳಿನ ಕಣಗಳು ಅದನ್ನು ಬಿಡಿಸಿದವು. ಒಳಗೆ ಅದೇ ಉಲ್ಕೆಯ ಖನಿಜಗಳು. ಹೊರಮೈಯಲ್ಲಿ ಮಾತ್ರ ಸೌರಮಾರುತದ (ಸೂರ್ಯನಿಂದ ಹೊಮ್ಮುವ ಕಣಗಳ) ಹೊಡೆತಕ್ಕೆ ಅತಿಸೂಕ್ಷ್ಮ ಕಬ್ಬಿಣದ ಕಣಗಳು ಮೂಡಿ ಬಣ್ಣ ಕೆಂಪಿಗೆ ತಿರುಗಿತ್ತು.

ನೌಕೆ ಯಾಕೆ ಎಂಬುದಕ್ಕೆ ಇದಕ್ಕಿಂತ ಬಲವಾದ ಉದಾಹರಣೆ ‘ಬೆನ್ನು’ (Bennu) ಎಂಬ ಕ್ಷುದ್ರಗ್ರಹ. ಅದರ ಮೈ ಎಷ್ಟು ಬೇಗ ಕಾದು ಆರುತ್ತದೆಂದು ದೂರದಿಂದ ಅಳೆದು, ಹೆಚ್ಚಾಗಿ ನುಣ್ಣನೆ ಮರಳಿರಬೇಕೆಂದು ಲೆಕ್ಕ ಹಾಕಿದ್ದರು. 2018ರ ಕೊನೆಯಲ್ಲಿ ನಾಸಾದ ಒಸಿರಿಸ್-ರೆಕ್ಸ್ ನೌಕೆ ಅಲ್ಲಿಗೆ ಹೋದರೆ ಎಲ್ಲಿ ನೋಡಿದರೂ ಬಂಡೆ! ತೂತುತೂತಾದ ಬಂಡೆಗಳಾದ್ದರಿಂದ ಶಾಖದ ಲೆಕ್ಕಕ್ಕೆ ಮರಳಿನಂತೆ ಕಂಡಿದ್ದವು. 2020ರ ಅಕ್ಟೋಬರ್‌ನಲ್ಲಿ ನೌಕೆಯ ಕೈ ಮುಟ್ಟಿದಾಗ ನೆಲ ಗಟ್ಟಿಯಾಗಿ ತಡೆಯಲೇ ಇಲ್ಲ, ಸುಮಾರು ಅರ್ಧ ಮೀಟರ್ ಒಳಗೆ ಇಳಿಯಿತು. 2023ರ ಸೆಪ್ಟೆಂಬರ್‌ನಲ್ಲಿ ಭೂಮಿಗೆ ಬಂದ 121.6 ಗ್ರಾಂ ಮಾದರಿಯಲ್ಲಿ, ಜೀವಿಗಳು ಪ್ರೋಟೀನಿಗೆ ಬಳಸುವ 20 ಅಮೈನೋ ಆಮ್ಲಗಳ ಪೈಕಿ 14 ಸಿಕ್ಕವು; ಉಪ್ಪುನೀರು ಆರಿ ಉಳಿದ ಲವಣಗಳೂ ಇದ್ದವು. ಇಂಥ ಲವಣಗಳು ನಮ್ಮ ಗಾಳಿಯ ತೇವ ತಾಗಿದರೂ ಹಾಳಾಗುವಂಥವು. ನೆಲಕ್ಕೆ ಬಿದ್ದ ಉಲ್ಕೆಯಲ್ಲಿ ಅವು ಉಳಿಯುವುದು ಕಷ್ಟ, ಚುಕ್ಕಿಯ ರೋಹಿತದಲ್ಲಂತೂ ಕಾಣುವುದೇ ಇಲ್ಲ.