ಇಕ್ಕಟ್ಟಾದ ಜಲಮಾರ್ಗದಲ್ಲಿ ಹಿಂದಿನ ಹಡಗು ಎರಡು ಉದ್ದ, ಒಂದು ಗಿಡ್ಡ ಹಾರ್ನ್ ಹೊಡೆಯುವುದು ಯಾಕೆ? ಮುಂದಿನ ಹಡಗು ಉತ್ತರ ಕೊಡದಿದ್ದರೆ?

ಅದು ಅನುಮತಿ ಕೇಳುವ ಹಾರ್ನ್. "ನಿಮ್ಮ ಬಲಗಡೆಯಿಂದ ದಾಟಬೇಕು ಅಂತಿದ್ದೇನೆ" ಎಂದು ಅರ್ಥ. ಎಡಗಡೆಯಿಂದ ದಾಟುವುದಿದ್ದರೆ ಎರಡು ಉದ್ದ, ಎರಡು ಗಿಡ್ಡ. ಉದ್ದ ಅಂದರೆ 4ರಿಂದ 6 ಸೆಕೆಂಡ್, ಗಿಡ್ಡ ಅಂದರೆ ಸುಮಾರು 1 ಸೆಕೆಂಡ್.

ನಾನು ಹುಬ್ಬಳ್ಳಿಯವನು, ಸರಕು ಹಡಗಿನಲ್ಲಿ ಡೆಕ್ ಆಫೀಸರ್. ನಮ್ಮ ಹುಬ್ಬಳ್ಳಿ-ಧಾರವಾಡ ಬೈಪಾಸ್‌ನಲ್ಲಿ ಹಿಂದಿನ ಲಾರಿ ಹಾರ್ನ್ ಹೊಡೆಯಿತು ಅಂದರೆ ಅದು ಆಗಲೇ ಪಕ್ಕಕ್ಕೆ ಬಂದಿರುತ್ತದೆ. ಹಡಗಿನಲ್ಲಿ ಹಾಗೆ ನುಗ್ಗುವಂತಿಲ್ಲ. ಮುಂದಿನವರು ಒಂದು ಉದ್ದ, ಒಂದು ಗಿಡ್ಡ, ಮತ್ತೆ ಒಂದು ಉದ್ದ, ಒಂದು ಗಿಡ್ಡ ಹೊಡೆದರೆ ಮಾತ್ರ ಒಪ್ಪಿಗೆ. ಅನುಮಾನ ಇದ್ದರೆ ಕನಿಷ್ಠ ಐದು ಗಿಡ್ಡ ಹಾರ್ನ್ ಬೇಗಬೇಗ ಹೊಡೆಯುತ್ತಾರೆ. ಉತ್ತರವೇ ಬರಲಿಲ್ಲವೆಂದರೆ ಒಪ್ಪಿಗೆ ಇಲ್ಲ ಅಂತಲೇ ತಿಳಿದು ಹಿಂದೆಯೇ ಉಳಿಯಬೇಕು.

ಇಷ್ಟೆಲ್ಲಾ ಯಾಕೆ ಅಂದರೆ, ಇದಕ್ಕೆ ಮುಂದಿನ ಹಡಗಿನ ಸಹಾಯ ಬೇಕು. ಎರಡು ದೊಡ್ಡ ಹಡಗುಗಳು ಅಕ್ಕಪಕ್ಕ ಬಂದಾಗ ನಡುವಿನ ಸಂದಿಯಲ್ಲಿ ನೀರು ಜೋರಾಗಿ ಹರಿದು ಒತ್ತಡ ಇಳಿಯುತ್ತದೆ. ಆಗ ಎರಡೂ ಒಂದರ ಕಡೆಗೊಂದು ಸೆಳೆಯಲ್ಪಡುತ್ತವೆ. ದಂಡೆಗೆ ಹತ್ತಿರ ಹೋದರೆ ಅಲ್ಲೂ ಇದೇ ಕಾಟ, ಹಡಗಿನ ಹಿಂಭಾಗವನ್ನು ದಂಡೆ ಎಳೆಯುತ್ತದೆ. ವೇಗ ಹೆಚ್ಚಿದಷ್ಟೂ ಸೆಳೆತ ಜಾಸ್ತಿ. ಚುಕ್ಕಾಣಿ ಎಷ್ಟು ತಿರುಗಿಸಿದರೂ ಹಡಗು ಮಾತು ಕೇಳದ ಸ್ಥಿತಿ ಬರಬಹುದು. ಅದಕ್ಕೇ ಮುಂದಿನವರು ಸ್ವಲ್ಪ ಬದಿಗೆ ಸರಿದು, ವೇಗ ಇಳಿಸಿ, ಅಕ್ಕಪಕ್ಕ ಇರುವ ಹೊತ್ತನ್ನು ಕಡಿಮೆ ಮಾಡಬೇಕು. ಅವರು ಸಿದ್ಧವಾಗದೆ ನಾವು ಪಕ್ಕಕ್ಕೆ ಹೋಗುವುದು ಇಬ್ಬರಿಗೂ ಅಪಾಯ, ಅಲ್ವಾ?

ಜಾಗ ಸಾಕಷ್ಟಿದ್ದು, ಮುಂದಿನವರು ಏನೂ ಮಾಡಬೇಕಿಲ್ಲ ಅಂದರೆ ಈ ಹಾರ್ನ್ ಬೇಡ. ಹಡಗುಗಳು ಕಣ್ಣಿಗೆ ಕಾಣುತ್ತಿರುವಾಗ ಮಾತ್ರ ಇದು. ಮಂಜಿಗೆ ಬೇರೆ ಹಾರ್ನ್‌ಗಳಿವೆ.

ಒಪ್ಪಿಗೆ ಸಿಕ್ಕ ಮೇಲೂ ದಾಟುವವನ ಹೊಣೆ ಕಳೆಯುವುದಿಲ್ಲ. ಪೂರ್ತಿ ದಾಟಿ ದೂರ ಹೋಗುವವರೆಗೂ ತಪ್ಪಿಸಿಕೊಂಡು ಸಾಗಬೇಕಾದವನು ಅವನೇ. ಸಮುದ್ರದಲ್ಲಿ ಹಡಗುಗಳ ಡಿಕ್ಕಿ ತಪ್ಪಿಸಲು ಮಾಡಿದ 1972ರ ಅಂತರರಾಷ್ಟ್ರೀಯ ನಿಯಮಗಳಲ್ಲಿ ನನಗೆ ತುಂಬಾ ಇಷ್ಟವಾದ ಮಾತು ಇದು. ಅವು 1977ರ ಜುಲೈ 15ರಿಂದ ಜಾರಿಯಲ್ಲಿವೆ.

ಈಗ ರೇಡಿಯೋದಲ್ಲೇ ಮಾತಾಡಿ ಮುಗಿಸುವವರು ಜಾಸ್ತಿ. ಆದರೆ ರೇಡಿಯೋದಲ್ಲಿ "ಸರಿ" ಅಂದವರು ಬೇರೆ ಯಾವುದೋ ಹಡಗಿನವರಾಗಿರಬಹುದು. ಹಾರ್ನ್ ಎದುರಿಗಿರುವ ಹಡಗಿನಿಂದಲೇ ಬರುವುದು ಕಿವಿಗೆ ಗೊತ್ತಾಗುತ್ತದೆ. ರೇಡಿಯೋ ಜೊತೆಗೆ ಹಾರ್ನ್ ಕೂಡ ಇರಲಿ ಎಂಬ ಪಕ್ಷ ನನ್ನದು.

ಇನ್ನೊಂದು ವಿಷಯ. ಅಮೆರಿಕದ ಒಳನಾಡು ನದಿಗಳ ನಿಯಮ ಬೇರೆ. ಅಲ್ಲಿ ಬಲಗಡೆಯಿಂದ ದಾಟಲು ಒಂದೇ ಗಿಡ್ಡ ಹಾರ್ನ್, ಎಡಗಡೆಯಿಂದ ಎರಡು. ಒಪ್ಪಿದವರು ಅದನ್ನೇ ತಿರುಗಿ ಹೊಡೆಯುತ್ತಾರೆ. ಸಮುದ್ರದಲ್ಲಿ ಅದೇ ಒಂದು ಗಿಡ್ಡ ಹಾರ್ನ್‌ಗೆ "ನಾನು ಬಲಕ್ಕೆ ತಿರುಗುತ್ತಿದ್ದೇನೆ" ಎಂಬ ಅರ್ಥ. ಹಾಗಾಗಿ ಮಿಸ್ಸಿಸ್ಸಿಪ್ಪಿಯಂಥ ನದಿಗೆ ಹೋಗುವ ಮೊದಲು, ಯಾವ ಗೆರೆ ದಾಟಿದ ಮೇಲೆ ಯಾವ ನಿಯಮ ಅಂತ ನಕ್ಷೆಯಲ್ಲಿ ನೋಡಿಟ್ಟುಕೊಳ್ಳುತ್ತೇವೆ.