“ದುಬೈಯವರಿಗೆ ನಾವ್ಯಾಕೆ ಕೊಡ್ಬೇಕು?”

ಕುಂದಾಪುರ ಕಡೆಯ ಓದುಗರೊಬ್ಬರು ಉದ್ದದ ಪತ್ರ ಬರೆದಿದ್ದಾರೆ. ಹೆಸರು ಬೇಡ ಅಂದಿದ್ದಾರೆ, ಹಾಕಿಲ್ಲ. ವಿಷಯ ಇಷ್ಟು. ಶಾಲೆಯಿಂದ ಜೊತೆಗಿದ್ದ ಗೆಳತಿ ಮದುವೆಯಾಗಿ ದುಬೈಗೆ ಹೋದವರು. ಎರಡು ತಿಂಗಳ ಹಿಂದೆ ಅವರ ಗಂಡ ರಾತ್ರಿ ಮಲಗಿದವರು ಬೆಳಿಗ್ಗೆ ಏಳಲಿಲ್ಲ. ಶವ ಊರಿಗೆ ಬಂತು, ಇವರ ಚರ್ಚಿನ ಸ್ಮಶಾನದಲ್ಲೇ ಮಣ್ಣು ಕೊಟ್ಟರು. ಮಕ್ಕಳ ಶಾಲೆ ಇದೆ ಅಂತ ಗೆಳತಿ ತಿಂಗಳ ಪೂಜೆಗೂ ನಿಲ್ಲದೆ ವಾಪಸ್ ಹೋದರು. ಈಗ ಫೋನ್ ಎತ್ತುತ್ತಿಲ್ಲ. ವಾಳೆಯ, ಅಂದರೆ ಚರ್ಚಿನ ವಾರ್ಡಿನ, ಸಭೆಯಲ್ಲಿ ‘ಆ ಮನೆಗೆ ಏನಾದ್ರೂ ಮಾಡೋಣ’ ಅಂತ ಇವರು ಹೇಳಿದಾಗ ಹಿರಿಯರೊಬ್ಬರು “ದುಬೈಯವರಿಗೆ ನಾವ್ಯಾಕೆ ಕೊಡ್ಬೇಕು, ಅವರ ಹತ್ರ ಇಲ್ವಾ? ಅಲ್ಲಿ ಅವರ ಚರ್ಚ್ ಇಲ್ವಾ?” ಅಂದರಂತೆ. ಮಾತು ಅಲ್ಲಿಗೇ ನಿಂತಿತಂತೆ.

ಅಕ್ಕಾ, ಆ ಹಿರಿಯರ ಮಾತಿನಿಂದಲೇ ಶುರು ಮಾಡ್ತೇನೆ. ಅವರು ಕೆಟ್ಟವರೇನಲ್ಲ. ಊರಲ್ಲಿ ಅರ್ಧ ಜನ ಹಾಗೇ ಅಂದುಕೊಂಡಿದ್ದಾರೆ. ಚರ್ಚಿಗೆ ಹೊಸ ಗಂಟೆ ಬೇಕಾದರೂ, ಹಬ್ಬಕ್ಕೆ ಲೈಟಿಂಗ್ ಬೇಕಾದರೂ ಮೊದಲು ಫೋನ್ ಹೋಗುವುದು ಗಲ್ಫಿಗೆ. ಕೊಟ್ಟು ಕೊಟ್ಟು ಅವರು ಕೊಡುವವರೇ ಆಗಿಬಿಟ್ಟರು, ಅವರಿಗೂ ಬೇಕಾಗುತ್ತೆ ಅನ್ನುವುದು ಯಾರ ತಲೆಗೂ ಹೋಗುವುದಿಲ್ಲ.

ದುಡಿಯುವ ಗಂಡಸು ದುಬೈಯಲ್ಲಿ ತೀರಿಕೊಂಡರೆ ಮನೆಯಲ್ಲಿ ಏನಾಗುತ್ತೆ ಗೊತ್ತಾ? ಸುದ್ದಿ ಬ್ಯಾಂಕಿಗೆ ಮುಟ್ಟಿದ ಕೂಡಲೇ ಅವರ ಖಾತೆ ತಡೆಹಿಡಿಯುತ್ತಾರೆ. ಕೋರ್ಟಿನ ಆದೇಶ ಬರುವವರೆಗೆ ಒಂದು ದಿರ್ಹಮೂ ತೆಗೆಯಲಿಕ್ಕೆ ಆಗುವುದಿಲ್ಲ. ಬಾಡಿಗೆಗೆ ಮುಂದಿನ ತಾರೀಖು ಹಾಕಿ ಕೊಟ್ಟ ಚೆಕ್‌ಗಳು ಮಾಲೀಕನ ಕೈಯಲ್ಲಿರುತ್ತವೆ, ತಾರೀಖು ಬಂದಾಗ ಅವು ಬ್ಯಾಂಕಿಗೆ ಹೋಗುತ್ತವೆ. ಹೆಂಡತಿ ಮಕ್ಕಳ ವೀಸಾ ಹೆಚ್ಚಾಗಿ ಗಂಡನ ಹೆಸರಿನ ಮೇಲೇ ನಿಂತಿರುತ್ತೆ. ವಿಧವೆಗೆ, ಮಕ್ಕಳಿಗೆ ಪ್ರಾಯೋಜಕರಿಲ್ಲದೆ ಒಂದು ವರ್ಷ ಉಳಿಯುವ ಅವಕಾಶವನ್ನು ಅಲ್ಲಿನ ಸರ್ಕಾರ ಕೊಟ್ಟಿದ್ದು 2018ರಲ್ಲಿ. ಅದಕ್ಕೂ ಅರ್ಜಿ ಹಾಕಬೇಕು, ಓಡಾಡಬೇಕು. ಅಂದರೆ ನಿನ್ನೆ ತನಕ ಊರಿಗೆ ಹಣ ಕಳಿಸುತ್ತಿದ್ದ ಮನೆಯಲ್ಲಿ ಇವತ್ತು ಮಕ್ಕಳ ಬಸ್ಸಿನ ದುಡ್ಡಿಗೂ ಕೈಯಲ್ಲಿ ಕಾಸಿಲ್ಲದೆ ಇರಬಹುದು. ಹೊರಗಿಂದ ನೋಡಿದರೆ ಗೊತ್ತಾಗುವುದಿಲ್ಲ, ಏಸಿ ಓಡ್ತಾ ಇರುತ್ತೆ.

ಇನ್ನು ಶವ ಬಂದ ಬಗೆ. ನೀವು ಬಜ್ಪೆ ವಿಮಾನ ನಿಲ್ದಾಣದಲ್ಲಿ ಪೆಟ್ಟಿಗೆ ನೋಡಿದಿರಿ, ಅದರ ಹಿಂದಿನ ಕಾಗದಗಳನ್ನು ನೋಡಿರಲಿಕ್ಕಿಲ್ಲ. ಆಸ್ಪತ್ರೆಯ ವರದಿ, ಪೊಲೀಸರ ಕಾಗದ, ಮರಣ ಪತ್ರ, ವೀಸಾ ರದ್ದು, ಪಾಸ್‌ಪೋರ್ಟ್ ರದ್ದು, ನಮ್ಮ ದೂತಾವಾಸದ ಒಪ್ಪಿಗೆ ಪತ್ರ. ಆಮೇಲೆ ಮುಹೈಸ್ನಾ, ನಮ್ಮವರು ಸೋನಾಪುರ ಅನ್ನುವ ಕಡೆ, ಶವ ಕೆಡದಂತೆ ಮದ್ದು ಹಾಕುವ ಕೇಂದ್ರ. ಅಲ್ಲೇ ಹೊರಗೆ ನಿಂತು ಗೆಳೆಯರು ಒಂದು ಪ್ರಾರ್ಥನೆ ಹೇಳಿ, ಮುಖ ನೋಡಿ, ಡ್ಯೂಟಿಗೆ ಓಡುತ್ತಾರೆ. ಮೊದಲು ಪೆಟ್ಟಿಗೆಯನ್ನು ತೂಕದ ಮೇಲಿಟ್ಟು ಕಿಲೋ ಲೆಕ್ಕದಲ್ಲಿ ವಿಮಾನದ ದುಡ್ಡು ತೆಗೆದುಕೊಳ್ಳುತ್ತಿದ್ದರು. ಜನ ಗಲಾಟೆ ಮಾಡಿದ ಮೇಲೆ 2019ರ ಜನವರಿಯಲ್ಲಿ ಏರ್ ಇಂಡಿಯಾ ದೊಡ್ಡವರಿಗೆ 1,500 ದಿರ್ಹಮ್ ಅಂತ ಒಂದೇ ದರ ಮಾಡಿತು. ಇದನ್ನೆಲ್ಲ ಮಾಡಿಸುವವರು ಯಾರು? ಅಲ್ಲಿನ ಚರ್ಚಿನವರು, ಪಕ್ಕದ ಫ್ಲಾಟಿನವರು, ಎಷ್ಟೋ ಸಲ ಮಲಯಾಳಿ ಮುಸ್ಲಿಂ ಸ್ವಯಂಸೇವಕರು. ಹಾಗಾಗಿ ‘ಅಲ್ಲಿ ಅವರ ಚರ್ಚ್ ಇಲ್ವಾ’ ಅನ್ನುವ ಪ್ರಶ್ನೆಗೆ ಉತ್ತರ, ಇದೆ, ಊದ್ ಮೇಥಾದಲ್ಲಿ ಸೈಂಟ್ ಮೇರೀಸ್ ಇದೆ, ಅವರು ತಮ್ಮ ಕೆಲಸ ಆಗಲೇ ಮಾಡಿ ಆಗಿದೆ. ಬಾಕಿ ಇರೋದು ನಮ್ಮದು.

ನಮ್ಮದು ಏನು? ಮೊದಲನೆಯದು, ಹಣವನ್ನು ದುಬೈಗೇ ಕಳಿಸಬೇಕು ಅಂತ ಎಲ್ಲಿದೆ? ಚರ್ಚಿನ ಟ್ರಸ್ಟಿನ ಖಾತೆಯಿಂದ ಹೊರದೇಶಕ್ಕೆ ಸುಮ್ನೆ ಹಾಗೆ ಹಣ ಹಾಕಲಿಕ್ಕೂ ಬರುವುದಿಲ್ಲ. ರಿಸರ್ವ್ ಬ್ಯಾಂಕಿನ ಉದಾರ ರವಾನೆ ಯೋಜನೆ ಇರುವುದು ವ್ಯಕ್ತಿಗಳಿಗೆ, ಟ್ರಸ್ಟ್‌ಗಳಿಗಲ್ಲ. ಆದರೆ ತೀರಿಕೊಂಡವರ ತಂದೆ ತಾಯಿ ಇಲ್ಲೇ ಇದ್ದಾರೆ ಅಂತ ನೀವೇ ಬರೆದಿದ್ದೀರಿ. ಅವರ ಬಿಪಿ ಮಾತ್ರೆಯ ದುಡ್ಡು ಪ್ರತಿ ತಿಂಗಳು ಎಲ್ಲಿಂದ ಬರ್ತಿತ್ತು? ಮನೆ ಸಾಲದ ಕಂತು ಯಾರು ಕಟ್ಟುತ್ತಿದ್ದರು? ಅದನ್ನು ಕೆಲವು ತಿಂಗಳು ವಾಳೆಯವರು ಹೊತ್ತುಕೊಂಡರೆ ದುಬೈಯಲ್ಲಿ ಕೂತ ಗೆಳತಿಯ ಎದೆಯ ಮೇಲಿಂದ ಒಂದು ಕಲ್ಲು ಇಳಿಯುತ್ತೆ. ಬಡವರಿಗೆ ನೆರವಾಗುವ ಸೈಂಟ್ ವಿನ್ಸೆಂಟ್ ಡಿ ಪಾವ್ಲ್ ಸಭೆ ನಿಮ್ಮಲ್ಲಿದ್ದರೆ ಅವರಿಗೆ ಈ ಕೆಲಸ ಹೊಸದಲ್ಲ.

ಎರಡನೆಯದು ಕಾಗದದ ಕೆಲಸ. ದುಬೈಯ ಕೋರ್ಟಿಗೆ ವಾರಸುದಾರರ ಪತ್ರ ಬೇಕು, ಅದು ಆಗಬೇಕಾದ್ದು ಇಲ್ಲಿ. ತಾಲೂಕು ಕಚೇರಿ, ನೋಟರಿ, ಬೆಂಗಳೂರಿನಲ್ಲಿ ಮುದ್ರೆ, ಆ ದೇಶದ ದೂತಾವಾಸದ ದೃಢೀಕರಣ. ನಿಮ್ಮ ವಾಳೆಯಲ್ಲಿ ನಿವೃತ್ತ ಗುಮಾಸ್ತರೊಬ್ಬರು ಇದ್ದೇ ಇರ್ತಾರೆ, ಅವರನ್ನು ಹಿಡಿಯಿರಿ. ಇನ್ನೊಂದು ವಿಷಯ, ಅಲ್ಲಿನ 2021ರ ಕಾರ್ಮಿಕ ಕಾನೂನಿನ ಪ್ರಕಾರ ಕೆಲಸಗಾರ ತೀರಿಕೊಂಡರೆ ಬಾಕಿ ಸಂಬಳ, ಸೇವಾ ಹಣ ಎಲ್ಲ 10 ದಿನದೊಳಗೆ ಕುಟುಂಬಕ್ಕೆ ಕೊಡಬೇಕು, ಶವ ಸಾಗಿಸುವ ಖರ್ಚೂ ಕಂಪನಿಯದ್ದೇ. ಕೊಟ್ಟಿದ್ದಾರಾ ಅಂತ ಗೆಳತಿಯನ್ನು ಕೇಳಿ. ಕೊಡದಿದ್ದರೆ ಅಲ್ಲಿನ ನಮ್ಮ ದೂತಾವಾಸಕ್ಕೆ, ನಮ್ಮ ವಿದೇಶಾಂಗ ಸಚಿವಾಲಯದ ‘ಮದದ್’ ಪೋರ್ಟಲ್‌ಗೆ ದೂರು ಹಾಕಬಹುದು, ಊರಿನಿಂದಲೇ.

ಈಗ ಫೋನಿನ ವಿಷಯ. ಎತ್ತುತ್ತಿಲ್ಲ ಅಂದರೆ ನಿಮ್ಮ ಮೇಲೆ ಕೋಪ ಅಂತ ಅಂದುಕೊಳ್ಳಬೇಡಿ. ಗೆಳತಿ ಊರಲ್ಲಿದ್ದ ಆ ದಿನಗಳಲ್ಲಿ ಎಷ್ಟು ಜನ ‘ಹೇಗಾಯ್ತು, ಮೊದಲೇ ಏನಾದ್ರೂ ನೋವಿತ್ತಾ, ಚೆಕಪ್ ಮಾಡಿಸಿರಲಿಲ್ವಾ’ ಅಂತ ಕೇಳಿರಬಹುದು ಯೋಚಿಸಿ. ಪ್ರತಿ ಸಲ ಆ ಬೆಳಗ್ಗೆಯನ್ನು ಮೊದಲಿಂದ ಹೇಳಬೇಕು. ಅದರ ಮೇಲೆ ‘ದೇವರ ಚಿತ್ತ’ ಅಂತ ಒಂದು ಮುದ್ರೆ. ಬೈಬಲಿನಲ್ಲಿ ಮಕ್ಕಳನ್ನೆಲ್ಲ ಕಳಕೊಂಡ ಯೋಬನ ಗೆಳೆಯರು ದೂರದ ಊರುಗಳಿಂದ ಬಂದು ಏಳು ಹಗಲು ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಕೂತರು, ಒಬ್ಬರೂ ಒಂದು ಮಾತು ಆಡಲಿಲ್ಲ. ಅಲ್ಲಿ ತನಕ ಚೆನ್ನಾಗಿತ್ತು. ಆಮೇಲೆ ಬಾಯಿ ಬಿಟ್ಟರು, ಎಲ್ಲ ಹಾಳಾಯ್ತು.

ನೀವು ಕರೆ ಮಾಡಬೇಡಿ, ವಾಯ್ಸ್ ಮೆಸೇಜ್ ಹಾಕಿ. ‘ಉತ್ತರ ಕೊಡಬೇಡ ಮಾರಾಯ್ತಿ, ಸುಮ್ನೆ ಕೇಳು’ ಅಂತ ಶುರು ಮಾಡಿ ಊರಿನ ಸುದ್ದಿ ಹೇಳಿ. ನಿನ್ನೆ ಅತ್ತೆ ಮಾವನನ್ನು ನೋಡಿ ಬಂದೆ, ಅತ್ತೆ ಎರಡು ದೋಸೆ ತಿಂದರು, ಸಮಾಧಿಯ ಮೇಲಿನ ಹುಲ್ಲು ಕೀಳಿಸಿದೆ. ಅಷ್ಟೇ. ಗಂಡನ ಹೆಸರು ಹೇಳಲು ಹೆದರಬೇಡಿ. ಜನ ಅವನ ಹೆಸರನ್ನೇ ಬಿಟ್ಟುಬಿಟ್ಟರಲ್ಲ ಅನ್ನುವ ನೋವು ಜಾಸ್ತಿ. ಮತ್ತೆ, ವಾಳೆಯ ಗುಂಪಿನಲ್ಲಿ ಪೆಟ್ಟಿಗೆಯೊಳಗಿನ ಫೋಟೊ ಇನ್ನೂ ಓಡಾಡುತ್ತಿದ್ದರೆ ದಯವಿಟ್ಟು ತೆಗೆಸಿ. ಆ ಮಕ್ಕಳ ಕೈಯಲ್ಲೂ ಫೋನ್ ಇದೆ.

ದುಬೈ ಮತ್ತು ನಮ್ಮ ಕರಾವಳಿ ಇಂಥದ್ದನ್ನು ಹೊಸದಾಗಿ ನೋಡುತ್ತಿಲ್ಲ. 2010ರ ಮೇ 22ರಂದು ದುಬೈಯಿಂದ ಬಂದ ವಿಮಾನ ಮಂಗಳೂರಿನ ಕೆಂಜಾರಿನಲ್ಲಿ ಉರಿದಾಗ 158 ಜನ ಹೋದರು. ಆವತ್ತು ಅಲ್ಲಿ ಏರ್‌ಪೋರ್ಟಿಗೆ ಬಿಟ್ಟು ಬಂದವರೂ ಅತ್ತರು, ಇಲ್ಲಿ ಕರೆದುಕೊಂಡು ಬರಲು ಹೋದವರೂ ಅತ್ತರು. ಯಾರು ಯಾರಿಗೆ ಸಮಾಧಾನ ಹೇಳಬೇಕು ಅನ್ನುವ ಲೆಕ್ಕವೇ ಇರಲಿಲ್ಲ. 2020ರ ಲಾಕ್‌ಡೌನಿನಲ್ಲಿ ಜನ ಬರುವ ವಿಮಾನ ನಿಂತಾಗ ಪೆಟ್ಟಿಗೆಗಳು ಸರಕಿನ ವಿಮಾನದಲ್ಲಿ ಒಂಟಿಯಾಗಿ ಬಂದವು, ಹೆಂಡತಿ ಮಕ್ಕಳು ಅಲ್ಲಿ ಫ್ಲಾಟಿನಲ್ಲಿ ಕೂತು ಮೊಬೈಲಿನಲ್ಲಿ ಮಣ್ಣು ಕೊಡುವುದನ್ನು ನೋಡಿದರು.

ಮುಂದಿನ ತಾರೀಖುಗಳನ್ನು ಈಗಲೇ ಬರೆದಿಟ್ಟುಕೊಳ್ಳಿ. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ, ಅಂದರೆ ಮಾತೆ ಮರಿಯಳ ಹುಟ್ಟುಹಬ್ಬ ಮತ್ತು ಹೊಸ ತೆನೆಯ ಹಬ್ಬಕ್ಕೆ, ಹೊರದೇಶದಲ್ಲಿರುವವರಿಗೆ ತೆನೆಯ ಕಾಳು ಲಕೋಟೆಯಲ್ಲಿ ಹಾಕಿ ಕಳಿಸುತ್ತೇವಲ್ಲ, ಈ ವರ್ಷ ಆ ಮನೆಗೆ ಮರೆಯದೆ ಕಳಿಸಿ. ಅತ್ತೆಯವರ ಕೈ ನಡುಗುತ್ತಿದ್ದರೆ ನೀವೇ ವಿಳಾಸ ಬರೆಯಿರಿ. ತೀರಿಹೋದವರನ್ನು ನೆನೆಯುವ ನವೆಂಬರ್ 2ರಂದು ಸ್ಮಶಾನದಲ್ಲಿ ಸಮಾಧಿ ಆಶೀರ್ವಾದ ಆಗುವಾಗ ಗೆಳತಿ ಒಪ್ಪಿದರೆ ವಿಡಿಯೊ ಕಾಲ್ ಮಾಡಿ. ವರ್ಷದ ಪೂಜೆಯನ್ನು ಬೆಳಿಗ್ಗೆ ಆರೂವರೆಗೆ ಇಡಬೇಡಿ ಅಂತ ಫಾದರ್‌ಗೆ ಹೇಳಿ. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ, ಅಲ್ಲಿ ಆಗ ಐದು ಗಂಟೆ, ಮಕ್ಕಳು ಎದ್ದಿರುವುದಿಲ್ಲ. ಸಂಜೆ ಪೂಜೆ ಆದರೆ ಅವರೂ ಸೇರಬಹುದು.

ಕೊನೆಗೆ ಆ ಹಿರಿಯರ ವಿಷಯ. ಅವರ ಜೊತೆ ವಾದ ಮಾಡಬೇಡಿ. ಮುಂದಿನ ಸಭೆಯಲ್ಲಿ ಬೈಬಲ್ ಓದಲು ಅವರಿಗೇ ಕೊಡಿ, ರೋಮನರಿಗೆ ಬರೆದ ಪತ್ರದ 15ನೇ ಅಧ್ಯಾಯ. ಮಕೆದೋನ್ಯ ಮತ್ತು ಅಖಾಯದವರು ಸಮುದ್ರದಾಚೆಯ ಜೆರುಸಲೇಮಿನ ಬಡವರಿಗೆ ಹಣ ಕೂಡಿಸಿದ್ದು ಅಲ್ಲಿದೆ. ಆ ಹಣದ ಬಗ್ಗೆ ಯಾರೂ ಬೆರಳು ತೋರಿಸಬಾರದು ಅಂತ ಪೌಲ ಅದನ್ನು ಒಬ್ಬನೇ ಒಯ್ಯದೆ ಬೇರೆಯವರನ್ನೂ ಜೊತೆಗೆ ಇಟ್ಟುಕೊಂಡ, ಅದು ಕೊರಿಂಥದವರಿಗೆ ಬರೆದ ಎರಡನೇ ಪತ್ರದಲ್ಲಿದೆ. ದುಡ್ಡಿನ ವಿಷಯದಲ್ಲಿ ಪ್ರಶ್ನೆ ಕೇಳುವವರು ಇದ್ದರೆ ಒಳ್ಳೆಯದೇ. ಔಷಧಿ ಬಿಲ್ಲು, ಕಂತಿನ ರಸೀದಿ ಎಲ್ಲ ಬರೆದಿಡುವ ಪುಸ್ತಕ ಅವರ ಕೈಗೇ ಕೊಡಿ.